ಹೆವಿ ಲೈಸೆನ್ಸ್ ಬಂತು, ಮೊದಲು ಯಾರ ಲಾರಿ ಹತ್ತಬೇಕು?

ಹೊಸದಾಗಿ ಹೆವಿ ಲೈಸೆನ್ಸ್ ಮಾಡಿಸಿದ ಹುಡುಗರು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋದ ಕೂಡಲೇ ಕೇಳುವುದು "ಸಂಬಳ ಎಷ್ಟು ಕೊಡ್ತೀರಾ?" ಅಂತ. ಕೇಳಲೇಬೇಕು. ಆದರೆ ಲಾರಿ ಕೆಲಸದಲ್ಲಿ ಬಾಯಲ್ಲಿ ಹೇಳಿದ ಸಂಬಳ ಒಂದು, ಲೆಕ್ಕ ಮುಗಿಸಿ ಕೈಗಿಡುವುದು ಇನ್ನೊಂದು. ನಡುವೆ ಡೀಸೆಲ್ ಶಾರ್ಟೇಜ್, ಮಾಲಿನ ಶಾರ್ಟೇಜ್, ಟಯರ್, ಚಲನ್, ಅಡ್ವಾನ್ಸ್ ಇವೆಲ್ಲ ಬಾಯಿ ತೆರೆದು ಕೂತಿರುತ್ತವೆ. ಆದ್ದರಿಂದ ಸಂಬಳದ ಜೊತೆಗೇ ಇನ್ನೊಂದನ್ನೂ ಕೇಳಿ: ನಷ್ಟ ಆದರೆ ಯಾರ ತಲೆಗೆ?

ಡೀಸೆಲ್‌ನಿಂದಲೇ ಶುರು ಮಾಡೋಣ, ಜಗಳ ಹೆಚ್ಚು ಆಗೋದೇ ಅಲ್ಲಿ. ಬಹಳ ಮಾಲೀಕರು ಗಾಡಿಗೆ ಇಷ್ಟು ಮೈಲೇಜ್ ಅಂತ ಫಿಕ್ಸ್ ಮಾಡಿರುತ್ತಾರೆ. ಹತ್ತು ಚಕ್ರದ ಗಾಡಿಗೆ ಲೀಟರಿಗೆ 4.5 ಕಿಲೋಮೀಟರ್ ಅಂತ ಫಿಕ್ಸ್ ಮಾಡಿದ್ದಾರೆ ಅಂದುಕೊಳ್ಳಿ. 1,000 ಕಿಲೋಮೀಟರಿಗೆ 222 ಲೀಟರ್ ಲೆಕ್ಕ. ನಿಮ್ಮ ಕೈಯಲ್ಲಿ ಅದು 4 ಕೊಟ್ಟರೆ 250 ಲೀಟರ್ ಕುಡಿದಿರುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ 28 ಲೀಟರಿಗೆ 2,500 ರೂಪಾಯಿ ಒಂದೇ ಟ್ರಿಪ್ಪಿನಲ್ಲಿ ನಿಮ್ಮ ಹೆಸರಿಗೆ ಬೀಳುತ್ತದೆ. ಹೊಸ ಡ್ರೈವರ್‌ಗೆ ಮೈಲೇಜ್ ಕಡಿಮೆ ಬರುವುದು ಸಹಜ; ಗೇರ್ ತಡವಾಗಿ ಬದಲಿಸುತ್ತಾನೆ, ಬ್ರೇಕ್ ಹೆಚ್ಚು ತುಳಿಯುತ್ತಾನೆ. ಅದಕ್ಕೇ ಮೊದಲೇ ಕೇಳಿ: ಲೋಡ್ ಗಾಡಿಗೆ ಎಷ್ಟು, ಖಾಲಿ ಬಂದರೆ ಎಷ್ಟು, ಘಾಟಿ ದಾರಿಗೆ ಬೇರೆ ಲೆಕ್ಕ ಉಂಟೋ ಇಲ್ಲವೋ, ಅನ್‌ಲೋಡಿಂಗಿಗೆ ಕಾಯುತ್ತ ರಾತ್ರಿಯಿಡೀ ಎಸಿ ಹಾಕಿದ ಡೀಸೆಲ್ ಯಾರದು? ಹೊಸಬರಿಗೆ ಎರಡು ಮೂರು ತಿಂಗಳು ಶಾರ್ಟೇಜ್ ಹಿಡಿಯುವುದಿಲ್ಲ ಅನ್ನುವ ಮಾಲೀಕರೂ ಇದ್ದಾರೆ. ಸಂಬಳ ಸಾವಿರ ರೂಪಾಯಿ ಕಡಿಮೆ ಇದ್ದರೂ ಅಂಥವರ ಹತ್ತಿರ ಸೇರುವುದೇ ಲಾಭ.

ಡೀಸೆಲ್ ಉಳಿಸೋಕೆ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕು ಅಂತ ಯಾರಾದರೂ ಹೇಳಿದರೆ ಮಾತ್ರ ಆ ಗಾಡಿಯ ಕೀ ಅಲ್ಲೇ ಇಟ್ಟು ಬನ್ನಿ. ನ್ಯೂಟ್ರಲ್‌ನಲ್ಲಿ ಇಂಜಿನ್ ತಡೆ ಇರುವುದಿಲ್ಲ, ಎಕ್ಸಾಸ್ಟ್ ಬ್ರೇಕ್ ಉಪಯೋಗಕ್ಕೆ ಬರುವುದಿಲ್ಲ, ಪೂರಾ ಭಾರ ಬ್ರೇಕ್ ಲೈನರ್ ಮೇಲೆ. ಶಿರಾಡಿಯಂಥ ಇಳಿಜಾರಿನಲ್ಲಿ ಡ್ರಮ್ ಕಾದು ಬ್ರೇಕ್ ಹಿಡಿಯದೇ ಹೋಗಲು ಬಹಳ ದೂರ ಬೇಕಾಗಿಲ್ಲ. ಇಂಜಿನ್ನೇ ಆಫ್ ಮಾಡಿದರೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಪವರ್ ಸ್ಟೇರಿಂಗೂ ಹೋಗುತ್ತದೆ.

ಇನ್ನು ಸಂಬಳದ ಬಗೆ. ತಿಂಗಳ ಸಂಬಳದ ಮೇಲೆ ದಿನದ ಬಾಟಾ (ಊಟ-ಖರ್ಚಿನ ಭತ್ಯೆ), ಟ್ರಿಪ್ಪಿಗೆ ಇಷ್ಟು, ಬಾಡಿಗೆಯಲ್ಲಿ ಪರ್ಸೆಂಟ್, ಈ ಮೂರೂ ನಡೆಯುತ್ತವೆ. ಪರ್ಸೆಂಟ್ ಕೇಳೋಕೆ ಚೆಂದ. ಆದರೆ ಬಾಡಿಗೆ ಹೆಚ್ಚಿದಷ್ಟೂ ನಿಮಗೆ ಹೆಚ್ಚು ಅಂದಾಗ ಓವರ್‌ಲೋಡಿಗೂ ನಿದ್ದೆಗೆಟ್ಟು ಓಡಿಸುವುದಕ್ಕೂ ನೀವೇ ಒಪ್ಪಿಕೊಳ್ಳುತ್ತೀರಿ. ಮೊದಲ ಒಂದು ವರ್ಷ ಸಂಬಳ ಮತ್ತು ಬಾಟಾವೇ ಸರಿ. ಗಾಡಿ ನಿಂತ ದಿನಕ್ಕೂ ಬಾಟಾ ಇದೆಯೇ ಅಂತ ಕೇಳಿ. ಫ್ಯಾಕ್ಟರಿ ಗೇಟಿನಲ್ಲಿ ಮೂರು ದಿನ ಕಾದರೂ ಹೊಟ್ಟೆಗೆ ಊಟ ಬೇಕಲ್ಲ.

ಓವರ್‌ಲೋಡ್ ಗೊತ್ತುಮಾಡಿಕೊಳ್ಳುವುದು ಸುಲಭ. ಈಗಿನ ಬಹುತೇಕ ಗಾಡಿಗಳಲ್ಲಿ ಮಾಡೆಲ್ ನಂಬರಿನ ಮೊದಲ ಎರಡು ಅಂಕಿ ಒಟ್ಟು ತೂಕ, ಕೊನೆಯ ಎರಡು ಅಂಕಿಯ ಹತ್ತರಷ್ಟು ಹೆಚ್ಚುಕಡಿಮೆ ಎಚ್‌ಪಿ. 2818 ಅಂದರೆ 28 ಟನ್, ಸುಮಾರು 180 ಎಚ್‌ಪಿ. ಆ 28ರಲ್ಲಿ ಗಾಡಿಯ ತೂಕವೂ ಸೇರಿದೆ. ಪಕ್ಕಾ ಅಂಕಿ ಆರ್‌ಸಿಯಲ್ಲೇ ಇರುತ್ತದೆ. ಖಾಲಿ ಗಾಡಿ 10 ಟನ್ ತೂಗಿದರೆ ಮಾಲು 18 ಟನ್‌ಗೆ ಮುಗಿಯಿತು. 24 ಟನ್ ಹೇರಿ ಸಿಕ್ಕಿಬಿದ್ದರೆ 20,000 ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000ದಂತೆ 6 ಟನ್ನಿಗೆ 12,000, ಒಟ್ಟು 32,000 ರೂಪಾಯಿ. ತೂಕ ಹಾಕಿಸದೆ ತಪ್ಪಿಸಿಕೊಳ್ಳಲು ನೋಡಿದರೆ 40,000. ಮಾಲೀಕರು ದಂಡ ಕಟ್ಟಬಹುದು, ಆದರೆ ಸಸ್ಪೆಂಡ್ ಆಗುವುದು ನಿಮ್ಮ ಲೈಸೆನ್ಸ್. ಅದನ್ನು ಯಾವ ಮಾಲೀಕರೂ ತುಂಬಿಕೊಡಲಾರರು.

ಗಾಡಿ ನೋಡದೆ ಹ್ಞೂಂ ಅನ್ನಬೇಡಿ. ಮನೆಯಲ್ಲೇ ಕೂತು ಎಂಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಎಮಿಷನ್ ಯಾವಾಗ ಮುಗಿಯುತ್ತದೆ ಅನ್ನುವುದು ಬರುತ್ತದೆ. ಬಾಕಿ ಚಲನ್‌ಗಳ ಉದ್ದ ಪಟ್ಟಿ ಇದ್ದರೆ ಆ ಮನೆಯ ಶಿಸ್ತು ಅರ್ಥವಾಯಿತು. ಆಮೇಲೆ ಗಾಡಿ ಹತ್ತಿರ ಹೋಗಿ. ಬ್ರೇಕಿನ ಏರ್ ಪೂರ್ತಿ ತುಂಬಿಸಿ, ಇಂಜಿನ್ ಆಫ್ ಮಾಡಿ, ಏರ್ ಮೀಟರಿನ ಸೂಜಿ ನೋಡುತ್ತ ಐದು ನಿಮಿಷ ಕೂತುಕೊಳ್ಳಿ. ಕಣ್ಣೆದುರೇ ಇಳಿಯುತ್ತಿದ್ದರೆ ಎಲ್ಲೋ ಲೀಕ್ ಇದೆ. ಆಮೇಲೆ ಬ್ರೇಕ್ ತುಳಿದು ಹಿಡಿದು ಇನ್ನೊಮ್ಮೆ ನೋಡಿ. ಆಗ ಮಾತ್ರ ಇಳಿಯುತ್ತಲೇ ಹೋದರೆ ಬ್ರೇಕ್ ಚೇಂಬರ್ ಅಥವಾ ಹೋಸ್ ಕಡೆ ಅನುಮಾನ. ಮುಂದಿನ ಎರಡು ಚಕ್ರಕ್ಕೆ ರೀಟ್ರೆಡ್ (ಹಳೆಯದರ ಮೇಲೆ ಹೊಸ ರಬ್ಬರ್ ಅಂಟಿಸಿದ) ಟಯರ್ ಹಾಕಿದ್ದಾರೆಯೇ ನೋಡಿ. ಹಿಂದೆ ಇದ್ದರೆ ಅಡ್ಡಿಯಿಲ್ಲ, ಮುಂದೆ ಇದ್ದು ಬಿಚ್ಚಿಕೊಂಡರೆ ಸ್ಟೇರಿಂಗ್ ಕೈಗೆ ಸಿಗುವುದಿಲ್ಲ. ಜೋಡಿ ಟಯರ್‌ನಲ್ಲಿ ಒಂದು ಹೊಸದು ಒಂದು ಬೋಳು ಇದ್ದರೆ ಭಾರವೆಲ್ಲ ಎತ್ತರದ ಟಯರ್ ಮೇಲೆ ಬಿದ್ದು ಕಾದು ಒಡೆಯುತ್ತದೆ, ಆಮೇಲೆ "ನೀನು ಗಾಳಿ ನೋಡಲಿಲ್ಲ" ಅಂತ ನಿಮ್ಮ ಮೇಲೆ ಬರುತ್ತದೆ. ಬಿಎಸ್6 ಗಾಡಿಯಾದರೆ ಡ್ಯಾಶ್‌ಬೋರ್ಡಿನಲ್ಲಿ ಆಡ್‌ಬ್ಲೂ (ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ದ್ರವ) ಎಚ್ಚರಿಕೆ ಉರಿಯುತ್ತಿದೆಯೇ ನೋಡಿ. ಅಗ್ಗದ ಕಲಬೆರಕೆ ಆಡ್‌ಬ್ಲೂ ಹಾಕುವ ಕಡೆ ಗಾಡಿ ಏರಿನಲ್ಲಿ ಪವರ್ ಕಳೆದುಕೊಂಡು ನಿಲ್ಲುತ್ತದೆ.

ಯಾವ ಕೆಲಸ ಅನ್ನುವುದೂ ಮುಖ್ಯ. ಟ್ರೈಲರ್ ಮತ್ತು ಟ್ಯಾಂಕರ್‌ಗೆ ಮೊದಲೇ ಕೈ ಹಾಕಬೇಡಿ. ಟ್ರೈಲರ್ ರಿವರ್ಸ್ ಬರುವುದಕ್ಕೇ ಬೇರೆ ಕಲಿಕೆ ಬೇಕು. ಅರ್ಧ ತುಂಬಿದ ಟ್ಯಾಂಕರ್‌ನಲ್ಲಿ ದ್ರವ ತಿರುವಿನಲ್ಲಿ ಒಂದು ಕಡೆಗೆ ನುಗ್ಗಿ ಗಾಡಿಯನ್ನೇ ಎಳೆಯುತ್ತದೆ. ಪೆಟ್ರೋಲ್, ಗ್ಯಾಸ್ ಆದರೆ ಅಪಾಯಕಾರಿ ಸರಕಿನ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದಿಸಿಕೊಂಡಿರಬೇಕು. ಕ್ವಾರಿ ಟಿಪ್ಪರ್‌ನಲ್ಲಿ ಟ್ರಿಪ್ ಎಣಿಸಿ ದುಡ್ಡು, ಹಾಗಾಗಿ ಕೆಟ್ಟ ಅಭ್ಯಾಸ ಬೇಗ ಹತ್ತುತ್ತದೆ. ತರಕಾರಿ ಲೋಡಿಗೆ ಮಾರ್ಕೆಟ್ ಟೈಮಿನ ಒತ್ತಡ. ಆರು ಚಕ್ರ ಅಥವಾ ಹತ್ತು ಚಕ್ರದ ಗಾಡಿ, ಗೊತ್ತಿರುವ ಒಂದೇ ರೂಟು, ಮೊದಲ ಕೆಲವು ಟ್ರಿಪ್ ಪಕ್ಕದಲ್ಲಿ ಹಳೆಯ ಡ್ರೈವರ್, ಹೊಸಬರಿಗೆ ಇದೇ ಒಳ್ಳೆಯದು. ಹುಬ್ಬಳ್ಳಿ–ಬೆಂಗಳೂರು ನಡುವಿನ ಸುಮಾರು 400 ಕಿಲೋಮೀಟರಿನಲ್ಲಿ ಕಲಿಯುವುದು ಬೇಕಾದಷ್ಟಿದೆ. ಇಷ್ಟಕ್ಕೂ ಧೈರ್ಯ ಸಾಲದಿದ್ದರೆ ಒಟ್ಟು ತೂಕ 7,500 ಕೆಜಿ ಒಳಗಿನ ಸಣ್ಣ ಗಾಡಿಯಲ್ಲಿ ಆರು ತಿಂಗಳು ಕಳೆಯಿರಿ.

ಬೆಂಗಳೂರಿನಿಂದ ದೆಹಲಿ ಸುಮಾರು 2,150 ಕಿಲೋಮೀಟರ್. "ಒಬ್ಬನೇ ಮೂರು ದಿನಕ್ಕೆ ಮುಟ್ಟಿಸಬೇಕು" ಅಂದರೆ, ಸರಾಸರಿ 45 ಹಿಡಿದರೂ ದಿನಕ್ಕೆ 16 ಗಂಟೆ ಸ್ಟೇರಿಂಗ್ ಹಿಡಿದಿರಬೇಕು. ಕಾನೂನು ಹೇಳುವುದು ದಿನಕ್ಕೆ 8 ಗಂಟೆಯ ಕೆಲಸ. ಎರಡನೇ ಡ್ರೈವರ್ ಕೊಡದ ಕಡೆ ಈ ಲೋಡ್ ಒಪ್ಪಬೇಡಿ.

ಕಾಗದದ ವಿಷಯದಲ್ಲಿ ನಾಚಿಕೆ ಬೇಡ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಡ್ರೈವರ್, ಕ್ಲೀನರ್ ಹೆಸರಿಗೆ ಪ್ರೀಮಿಯಂ ಕಟ್ಟಿದ ಸಾಲು ತೋರಿಸಿ ಅನ್ನಿ. ಸಂಬಳ ಬ್ಯಾಂಕಿಗೇ ಹಾಕಿಸಿಕೊಳ್ಳಿ. ಅಪಘಾತವಾಗಿ ಪರಿಹಾರ ಕೇಳುವ ದಿನ ಬಂದರೆ ಲೆಕ್ಕ ನಡೆಯುವುದು ಸಂಬಳ ಮತ್ತು ವಯಸ್ಸಿನ ಮೇಲೆ. ಕೈಯಲ್ಲಿ ಕೊಟ್ಟ ದುಡ್ಡಿಗೆ ಸಾಕ್ಷಿ ಎಲ್ಲಿಂದ ತರುತ್ತೀರಿ? ದೊಡ್ಡ ಕಂಪನಿ ಪಿಎಫ್ ಹಿಡಿಯುತ್ತೇವೆ ಅಂದರೆ ನಿಮ್ಮ ಪಿಎಫ್ ಖಾತೆಯ ಯುಎಎನ್ ನಂಬರ್ ಕೇಳಿ ಪಾಸ್‌ಬುಕ್‌ನಲ್ಲಿ ತಿಂಗಳಾ ಜಮೆ ಬಿದ್ದಿದೆಯೇ ನೋಡಿ. ಆಕ್ಸಿಡೆಂಟ್ ಆದರೆ ಸ್ಟೇಷನ್ನಿಗೆ ಯಾರು ಬರುತ್ತಾರೆ, ವಕೀಲರ ಖರ್ಚು ಯಾರದು ಅಂತಲೂ ಬಾಯಿಬಿಟ್ಟು ಕೇಳಿ. ಕೊಡಬಾರದ್ದು ಮೂರು: ಒರಿಜಿನಲ್ ಲೈಸೆನ್ಸ್, ಖಾಲಿ ಕಾಗದಕ್ಕೆ ಸಹಿ, ಸಹಿ ಮಾಡಿದ ಖಾಲಿ ಚೆಕ್. ಸೇರುವಾಗಲೇ ದೊಡ್ಡ ಅಡ್ವಾನ್ಸ್ ಕೊಡಲು ಮುಂದೆ ಬರುವವರಿಂದ ದೂರ ಇರಿ. ಆ ಸಾಲ ತೀರುವವರೆಗೆ ಬೋಳು ಟಯರಿನ ಗಾಡಿಯನ್ನೂ ನೀವು ಬೇಡ ಅನ್ನಲಾರಿರಿ.

ಮಾಲೀಕರು ಹೇಳಿದ್ದನ್ನೆಲ್ಲ ಅವರ ಯಾರ್ಡಿನ ಪಕ್ಕದ ಟೀ ಅಂಗಡಿಯಲ್ಲಿ ತಾಳೆ ನೋಡಿ. ಅಲ್ಲಿನ ಡ್ರೈವರ್‌ಗಳನ್ನು "ಓನರ್ ಒಳ್ಳೆಯವರಾ ಅಣ್ಣಾ?" ಅಂತ ಕೇಳಿದರೆ ಎಲ್ಲರೂ ಹೌದು ಅಂತ ತಲೆ ಅಲ್ಲಾಡಿಸುತ್ತಾರೆ. "ಹೋದ ಟ್ರಿಪ್ಪಿನ ಲೆಕ್ಕ ಯಾವಾಗ ಆಯ್ತಣ್ಣಾ? ಎಷ್ಟು ಕಟ್ ಮಾಡಿದ್ರು?" ಅಂತ ಕೇಳಿ, ನಿಜ ಬರುತ್ತದೆ.

ಸೇರಿದ ಮೇಲೆ ಗಾಡಿ ಕೈಗೆ ತೆಗೆದುಕೊಳ್ಳುವ ದಿನ ಕಿಲೋಮೀಟರ್ ರೀಡಿಂಗ್, ಡೀಸೆಲ್ ಮಟ್ಟ, ಸ್ಟೆಪ್ನಿ ಸೇರಿ ಪ್ರತಿ ಟಯರ್ ನಂಬರ್, ಜಾಕಿ, ಟಾರ್ಪಾಲ್, ಹಗ್ಗ ಎಲ್ಲದರ ಫೋಟೋ ತೆಗೆದು ಮಾಲೀಕರ ವಾಟ್ಸಾಪಿಗೆ ಆವತ್ತೇ ಹಾಕಿ. ಲೋಡ್ ಮಾಡುವಾಗ ಚೀಲ ನೀವೇ ಎಣಿಸಿ, ಹರಿದ ಚೀಲ ಇದ್ದರೆ ಎಲ್‌ಆರ್ (ಲಾರಿ ರಸೀದಿ) ಮೇಲೆ ಬರೆಸಿ, ಸೀಲ್ ನಂಬರ್ ಗುರುತು ಹಾಕಿಕೊಳ್ಳಿ. ಖಾಲಿ ತೂಕ, ಲೋಡ್ ತೂಕದ ಎರಡೂ ಚೀಟಿ ಲೆಕ್ಕ ಮುಗಿಯುವ ತನಕ ನಿಮ್ಮ ಹತ್ತಿರವೇ ಇರಲಿ. ಕೆಲಸ ಬಿಡುವ ದಿನವೂ ಅದೇ ಫೋಟೋಗಳನ್ನು ಮತ್ತೆ ತೆಗೆದು ಕಳಿಸಿ, ಆಮೇಲೆ ಕೀ ಕೊಡಿ.