ಏಳು ಸಾವಿರದ ತೊಟ್ಟಿಲು

ಹಾಸನದ ಒಂದು ಕ್ಯಾಮೆರಾ ಅಂಗಡಿಗೆ ಹೋಗಿ "ಗಿಂಬಲ್ ಇದೆಯಾ?" ಅಂತ ಕೇಳಿದೆ. ಹುಡುಗ ಖುಷಿಯಾಗಿ ಮೂರು ಡಬ್ಬ ಇಳಿಸಿದ. ಮೂರೂ ಮೊಬೈಲ್ ಗಿಂಬಲ್. ಮದುವೆ ವಿಡಿಯೊದವರು ಕೈಯಲ್ಲಿ ಹಿಡಿದು ಮಂಟಪದ ಸುತ್ತ ಓಡಾಡುತ್ತಾರಲ್ಲ, ಮೋಟರ್ ಇರುವಂಥದ್ದು, ಅದು. "ಇದಲ್ಲಪ್ಪ, ಟ್ರೈಪಾಡ್ ಮೇಲೆ ಕೂರಿಸೋದು. ದೊಡ್ಡ ಲೆನ್ಸ್‌ಗೆ. ಬ್ಯಾಟರಿ ಗೀಟರಿ ಏನೂ ಇರಲ್ಲ" ಅಂದೆ. ಅವನು ನನ್ನ ಮುಖವನ್ನೇ ನೋಡಿದ. "ಬ್ಯಾಟರಿ ಇಲ್ದೆ ಅದು ಹೆಂಗೆ ಕೆಲ್ಸ ಮಾಡುತ್ತೆ ಮೇಡಂ?"

ಕೇಳಿದ್ದು ಸರಿಯಾಗೇ ಇತ್ತು. ಅವತ್ತು ನನಗೂ ನೆಟ್ಟಗೆ ಉತ್ತರ ಗೊತ್ತಿರಲಿಲ್ಲ.

ನನಗೆ ಇದು ಯಾಕೆ ಬೇಕಾಯಿತು ಅಂದರೆ, ಹೋದ ವರ್ಷ ಬಲಭುಜ ಹಿಡಿದುಕೊಂಡಿತು. ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು. ಜಡೆ ಹಾಕಿಕೊಳ್ಳೋಕೆ ಮಗಳನ್ನು ಕರೆಯುವ ಹಾಗಾಯಿತು. ಅಂಥ ಕೈಯಲ್ಲಿ ಹಕ್ಕಿ ಫೋಟೊ ತೆಗೆಯುವ ಸಿಗ್ಮಾ 150-600 ಲೆನ್ಸ್ ಎತ್ತೋದು ಎಲ್ಲಿಂದ? ನನ್ನದು ಕಾಂಟೆಂಪರರಿ ಮಾಡೆಲ್, ಇರುವುದರಲ್ಲಿ ಹಗುರದ್ದು. ಆದರೂ 1930 ಗ್ರಾಂ. ನಿಕಾನ್ ಡಿ500 ಕ್ಯಾಮೆರಾ ಇನ್ನೊಂದು 860 ಗ್ರಾಂ. ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಪ್ಲೇಟು ಗೀಟು ಸೇರಿದರೆ ಮೂರು ಕೆಜಿ ಹತ್ತಿರ ಬರುತ್ತದೆ. ಮೂರು ಕೆಜಿ ಅಕ್ಕಿ ಸಂತೆಯಿಂದ ತರೋದು ಕಷ್ಟ ಅಲ್ಲ. ಕಣ್ಣಿನ ಎತ್ತರಕ್ಕೆ ಹಿಡಿದು, ಉಸಿರು ಬಿಗಿಹಿಡಿದು, ಹಕ್ಕಿ ಹಾರಲಿ ಅಂತ ಹತ್ತು ನಿಮಿಷ ಕಾಯೋದಿದೆಯಲ್ಲ, ಅದು ಬೇರೆ ವಿಷಯ.

ಟ್ರೈಪಾಡ್ ಮನೆಯಲ್ಲಿತ್ತು, ಮೇಲೆ ಬಾಲ್ ಹೆಡ್ ಇತ್ತು, ಅಂದರೆ ಒಂದು ಗುಂಡಿನ ಮೇಲೆ ಎಲ್ಲ ಕಡೆಗೂ ತಿರುಗುವ ತಲೆ. ಬೇಲೂರಿನ ಹತ್ತಿರ ಯಗಚಿ ಹಿನ್ನೀರಿಗೆ ತೆಗೆದುಕೊಂಡು ಹೋದೆ. ರಿವರ್ ಟರ್ನ್ ಹಕ್ಕಿ ನೀರಿನ ಮೇಲೆ ಸುತ್ತು ಹಾಕುತ್ತಿತ್ತು. ಬಾಲ್ ಹೆಡ್‌ನ ತಿರುಪು ಸ್ವಲ್ಪ ಸಡಿಲ ಮಾಡಿದೆ ಅಷ್ಟೆ, ಲೆನ್ಸ್ ಧಡಕ್ ಅಂತ ಗೋಣು ಹಾಕಿತು. ಲೆನ್ಸಿನ ಮೂತಿಗೆ ಹಾಕುವ ಹುಡ್ ಟ್ರೈಪಾಡ್ ಕಾಲಿಗೆ ಬಡಿಯಿತು. ಹುಡ್ ಪ್ಲಾಸ್ಟಿಕ್ಕಿಂದು, ಬಚಾವ್. ಗಾಜಿಗೆ ತಾಗಿದ್ದರೆ ನಾನು ಅಲ್ಲೇ ಕೂತು ಅಳುತ್ತಿದ್ದೆ.

ಬಾಲ್ ಹೆಡ್‌ನ ತಪ್ಪಲ್ಲ ಅದು. ಅದರಲ್ಲಿ ಭಾರವೆಲ್ಲ ಗುಂಡಿನ ಮೇಲುಗಡೆ ಕೂತಿರುತ್ತದೆ. ಬಿಗಿ ಇರುವಷ್ಟು ಹೊತ್ತು ಗಂಭೀರ, ಸಡಿಲ ಬಿಟ್ಟರೆ ಯಾವ ಕಡೆ ಬೇಕಾದರೂ ಬೀಳುತ್ತದೆ. ಗಿಂಬಲ್ ಇದಕ್ಕೆ ಉಲ್ಟಾ. ತೊಟ್ಟಿಲು ನೋಡಿ. ಮಗು ಇರುವುದು ತೂಗುವ ಜಾಗಕ್ಕಿಂತ ಕೆಳಗೆ. ಅದಕ್ಕೇ ತೊಟ್ಟಿಲು ಮಗುಚಲ್ಲ. ಗಿಂಬಲ್‌ನ ತೋಳು ಲೆನ್ಸನ್ನು ಹಾಗೆ ಪಕ್ಕದಿಂದ ಇಳಿಬಿಡುತ್ತದೆ. ಲೆನ್ಸಿನ ಭಾರದ ನಡುಮಧ್ಯ ಸರಿಯಾಗಿ ತಿರುಗುವ ಅಚ್ಚಿನ ಮಟ್ಟಕ್ಕೆ ಬಂದರೆ ಮುಗಿಯಿತು, ಒಂದು ಬೆರಳಲ್ಲಿ ಮೇಲೆ ಕೆಳಗೆ ಆಡಿಸಬಹುದು. ಕೈ ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ. ಹಡಗಿನ ದಿಕ್ಸೂಚಿಯನ್ನು ಅಲೆಗೆ ಓಲಾಡದ ಹಾಗೆ ಕೂರಿಸುತ್ತಿದ್ದದ್ದೂ ಇದೇ ಉಪಾಯದಿಂದ. ಮೋಟರ್ ಎಲ್ಲಿತ್ತು ಆವಾಗ?

ಈಗ ದುಡ್ಡಿನ ಮಾತು. ಹಕ್ಕಿ ಫೋಟೊ ಗುಂಪುಗಳಲ್ಲಿ ಕೇಳಿದರೆ ಒಂದೇ ಉತ್ತರ. "ತಗೊಂಡ್ರೆ ವಿಂಬರ್ಲಿ ತಗೊಳ್ಳಿ, ಇಲ್ಲಾಂದ್ರೆ ಸುಮ್ನಿರಿ." ವಿಂಬರ್ಲಿ ಕಂಪನಿಯ ಗಿಂಬಲ್ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಒಬ್ಬರ ಹತ್ತಿರ ಮುಟ್ಟಿ ನೋಡಿದ್ದೇನೆ. ಬೆಣ್ಣೆ. ಆದರೆ ಅಮೆರಿಕದಲ್ಲೇ ಅದಕ್ಕೆ 600 ಡಾಲರ್ ಆಸುಪಾಸು. ಇಲ್ಲಿಗೆ ಬರುವಾಗ ಐವತ್ತು ಸಾವಿರ ದಾಟುತ್ತದೆ. ನನ್ನ ಲೆನ್ಸನ್ನೇ ನಾನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವಳು. ಐದಾರು ಕೆಜಿಯ ಸೆಟ್ ಇಟ್ಟುಕೊಂಡು ದಿನವಿಡೀ ಅದೇ ಕೆಲಸ ಮಾಡುವವರಿಗೆ ಆ ಖರ್ಚು ಸರಿ. ಭಾನುವಾರ ಬೆಳಿಗ್ಗೆ ಮೂರು ಗಂಟೆ ಕೆರೆ ಏರಿ ಮೇಲೆ ಕೂರುವ ಬ್ಯಾಂಕ್ ನೌಕರಳಿಗೆ ಬೇಡ. ಇದು ನನ್ನ ಅಭಿಪ್ರಾಯ, ಬೈಯುವವರು ಬೈಯಬಹುದು.

ಆನ್‌ಲೈನಲ್ಲಿ ಏಳು ಸಾವಿರ ಚಿಲ್ಲರೆಗೆ ಒಂದು ತರಿಸಿದೆ. ಅಲ್ಯೂಮಿನಿಯಂದು. ಹೆಸರು ಹೇಳಲ್ಲ. ಅದೇ ಅಚ್ಚಿನದು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ನೋಡಿದರೆ ನಿಮಗೇ ಗೊತ್ತಾಗುತ್ತದೆ. ಡಬ್ಬದ ಮೇಲೆ "ಇಷ್ಟು ಕೆಜಿ ತಡೆಯುತ್ತದೆ" ಅಂತ ದೊಡ್ಡ ಅಂಕಿ ಹಾಕಿರುತ್ತಾರೆ. ಅದನ್ನು ನೋಡಿ ಮರುಳಾಗಬೇಡಿ. ಮುರಿಯದೆ ಎಷ್ಟು ಹೊರುತ್ತದೆ ಅನ್ನುವ ಲೆಕ್ಕ ಅದು. ನುಣ್ಣಗೆ ತಿರುಗುತ್ತದೋ ಇಲ್ಲವೋ ಅನ್ನೋದನ್ನು ಆ ಅಂಕಿ ಹೇಳಲ್ಲ. ಅಗ್ಗದ ಗಿಂಬಲ್ ಸೋಲೋದು ಭಾರಕ್ಕಲ್ಲ, ತಿರುಗುವುದಕ್ಕೆ. ಮೊದಲು ಅಂಟಿಕೊಂಡಂತೆ ನಿಂತಿರುತ್ತದೆ, ಸ್ವಲ್ಪ ತಳ್ಳಿದರೆ ಜುಂ ಅಂತ ಮುಂದಕ್ಕೆ ಹಾರುತ್ತದೆ. ಅಷ್ಟರಲ್ಲಿ ಹಕ್ಕಿ ಫ್ರೇಮಿನಿಂದ ಆಚೆ.

ನನ್ನದೂ ಹಾಗೇ ಇತ್ತು. ಬುಡ ವಿಪರೀತ ಬಿಗಿ. ಅದರಿಂದಲೇ ಒಂದು ದಿನ ಮರ್ಯಾದೆ ಹೋಗುತ್ತಿತ್ತು. ಗೊರೂರಿನ ಹಿನ್ನೀರು, ಬೆಳಿಗ್ಗೆ. ಒಂದು ಗರುಡ ಬಲದಿಂದ ಎಡಕ್ಕೆ ಹೋಗುತ್ತಿತ್ತು. ನಾನೂ ಎಡಕ್ಕೆ ತಿರುಗಿಸುತ್ತಾ ಹೋದೆ. ಏನು ಚೆನ್ನಾಗಿ ತಿರುಗುತ್ತಿದೆ ಇವತ್ತು ಅಂದುಕೊಂಡೆ. ಆಮೇಲೆ ನೋಡಿದರೆ ತಿರುಗುತ್ತಿದ್ದದ್ದು ಗಿಂಬಲ್‌ನ ಬುಡ ಅಲ್ಲ. ಇಡೀ ಗಿಂಬಲ್ಲೇ ಟ್ರೈಪಾಡಿನ ತಿರುಪಿನಿಂದ ಬಿಚ್ಚಿಕೊಳ್ಳುತ್ತಿತ್ತು! ಇನ್ನೊಂದು ಸುತ್ತು ತಿರುಗಿದ್ದರೆ ಕ್ಯಾಮೆರಾ ಹೇಮಾವತಿ ಪಾಲು. ಗರುಡದ ಫೋಟೊ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಎರಡು ಮದ್ದು. ಕೆಲವು ಟ್ರೈಪಾಡ್‌ಗಳಲ್ಲಿ ಹೆಡ್ ಕೂರುವ ತಟ್ಟೆಯ ಕೆಳಗೆ ಪುಟ್ಟ ಪುಟ್ಟ ಸ್ಕ್ರೂ ಇರುತ್ತವೆ. ಅಲೆನ್ ಕೀಲಿಯಿಂದ ಬಿಗಿ ಮಾಡಿದರೆ ಅವು ಮೇಲಕ್ಕೆ ಬಂದು ಹೆಡ್ಡನ್ನು ಕಚ್ಚಿಕೊಳ್ಳುತ್ತವೆ. ನನ್ನ ಟ್ರೈಪಾಡಲ್ಲಿ ಅವು ಇದ್ದದ್ದು ನಾಲ್ಕು ವರ್ಷದಿಂದ ನನಗೆ ಗೊತ್ತೇ ಇರಲಿಲ್ಲ. ಎರಡನೇ ಮದ್ದು ಗ್ರೀಸ್. ನಮ್ಮ ಸ್ಕೂಟರ್ ನೋಡುವ ಮೆಕ್ಯಾನಿಕ್ ಹತ್ತಿರ ಗಿಂಬಲ್ ಹಿಡಿದುಕೊಂಡು ಹೋದೆ. "ಅಕ್ಕಾ, ಇದು ಯಾವ ಗಾಡೀದು?" ಅಂದ. ಬಿಚ್ಚಿದ. ಒಳಗೆ ಹಳೇ ಬೆಲ್ಲದ ಪಾಕದಂಥ ದಪ್ಪ ಗ್ರೀಸ್. ಜೊತೆಗೆ ಲೇತಿನಲ್ಲಿ ಕೊರೆದಾಗಿನ ಅಲ್ಯೂಮಿನಿಯಂ ಪುಡಿಯನ್ನೂ ಒರೆಸದೆ ಹಾಗೇ ಜೋಡಿಸಿದ್ದರು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸ್ ತೆಳ್ಳಗೆ ಸವರಿ ಕೊಟ್ಟ. ಐವತ್ತು ರೂಪಾಯಿ. ಅವತ್ತಿನಿಂದ ಅದು ಬೇರೆಯದೇ ವಸ್ತು. ಬೆಣ್ಣೆ ಅನ್ನಲ್ಲ, ಗಟ್ಟಿ ಮೊಸರು ಅನ್ನಬಹುದು. ಹಾಗಂತ ತೀರಾ ಜಾರುವ ಹಾಗೂ ಮಾಡಿಸಬೇಡಿ. ಸ್ವಲ್ಪ ಬಿಗಿ ಇದ್ದರೇ ಗಾಳಿಗೆ ಲೆನ್ಸ್ ತಾನಾಗಿ ತಿರುಗಲ್ಲ.

ಬ್ಯಾಲೆನ್ಸ್ ಮಾಡೋದನ್ನು ಯಾರೂ ಸರಿಯಾಗಿ ಹೇಳಿಕೊಡಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲು ಹುಡ್ ಹಾಕಿ, ಝೂಮ್ 600ಕ್ಕೆ ತನ್ನಿ. ಯಾಕಂದರೆ ಈ ಲೆನ್ಸ್ ಝೂಮ್ ಮಾಡಿದಾಗ ಮುಂದಕ್ಕೆ ಉದ್ದ ಆಗುತ್ತದೆ, ಭಾರವೂ ಮುಂದಕ್ಕೆ ಹೋಗುತ್ತದೆ. 150ರಲ್ಲಿ ತೂಗಿದ್ದು 600ರಲ್ಲಿ ತಪ್ಪುತ್ತದೆ. ಸೋನಿ 200-600ರ ಹಾಗೆ ಒಳಗೇ ಝೂಮ್ ಆಗುವ ಲೆನ್ಸ್ ಇದ್ದವರಿಗೆ ಈ ತಾಪತ್ರಯ ಇಲ್ಲ, ಪುಣ್ಯವಂತರು. ಲೆನ್ಸ್ ನೆಟ್ಟಗೆ ಮಲಗಿಸಿ, ತಿರುಪು ಸಡಿಲಿಸಿ, ಆದರೆ ಕೈ ಕೆಳಗೇ ಇರಲಿ. ಮೂತಿ ಇಳಿದರೆ ಪ್ಲೇಟನ್ನು ಹಿಂದಕ್ಕೆ ಸರಿಸಿ, ಕ್ಯಾಮೆರಾ ಇಳಿದರೆ ಮುಂದಕ್ಕೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಆಮೇಲೆ ಮೂತಿಯನ್ನು ಮೇಲಕ್ಕೆತ್ತಿ ಕೈ ಬಿಡಿ. ತಾನಾಗಿ ಮತ್ತೆ ಮಟ್ಟಕ್ಕೆ ಬಂದರೆ ಲೆನ್ಸ್ ಅಚ್ಚಿಗಿಂತ ಕೆಳಗೆ ಕೂತಿದೆ. ಇನ್ನೂ ಹಿಂದಕ್ಕೆ ವಾಲಿದರೆ ಮೇಲೆ ಕೂತಿದೆ, ಅಂದರೆ ಅರ್ಧ ಬಾಲ್ ಹೆಡ್ ಆಗಿದೆ. ತೊಟ್ಟಿಲ ತೋಳನ್ನು ಏರಿಸಿ ಇಳಿಸಿ ಸರಿ ಮಾಡಬೇಕು. ತೋಳು ಏರಿಸೋಕೆ ಇಳಿಸೋಕೆ ಬಾರದ ಗಿಂಬಲ್ ಎಷ್ಟೇ ಅಗ್ಗ ಇದ್ದರೂ ತೆಗೆದುಕೊಳ್ಳಬೇಡಿ.

ಪ್ಲೇಟಿನ ಬಗ್ಗೆಯೂ ಒಂದು ಮಾತು. ಜೊತೆಗೆ ಕೊಡುವ ಪ್ಲೇಟ್ ಬಹಳ ಸಲ ಗಿಡ್ಡ. ಹಿಂದೆ ಮುಂದೆ ಸರಿಸೋಕೆ ಜಾಗವೇ ಇರಲ್ಲ. ಆರ್ಕಾ-ಸ್ವಿಸ್ ನಮೂನೆಯ (ಅಂಚು ಓರೆಯಾಗಿ ಕೊರೆದ) ಉದ್ದ ಪ್ಲೇಟ್ ಬೇರೆ ತೆಗೆದುಕೊಳ್ಳಿ. ಎರಡೂ ತುದಿಗೆ ತಡೆ ಸ್ಕ್ರೂ ಇರಲಿ. ಹಿಡಿತದ ತಿರುಪು ಬಿಗಿ ಮಾಡೋದು ಮರೆತ ದಿನ ಆ ಕಡಲೆಕಾಳಿನಷ್ಟು ಸ್ಕ್ರೂ ನಿಮ್ಮ ಲೆನ್ಸ್ ಉಳಿಸುತ್ತದೆ. ಟ್ಯಾಮ್ರಾನ್ 150-600 ಜಿ2 ಇದ್ದವರಿಗೆ ಲೆನ್ಸಿನ ಕಾಲಲ್ಲೇ ಆರ್ಕಾ-ಸ್ವಿಸ್ ನಮೂನೆಯ ಕಚ್ಚು ಕೊರೆದಿರುತ್ತದೆ. ನನ್ನ ಸಿಗ್ಮಾದಲ್ಲಿ ಅದಿಲ್ಲ.

ಇನ್ನು ಟ್ರೈಪಾಡ್ ಕಾಲು. ತೊಟ್ಟಿಲಿಗೆ ದುಡ್ಡು ಹಾಕಿ, ತೂಗುಹಾಕುವ ತೊಲೆ ಲಡ್ಡಾಗಿದ್ದರೆ? ಮನೆಯಲ್ಲೇ ಪರೀಕ್ಷೆ ಮಾಡಿ. 600ರಲ್ಲಿ ಎದುರು ಮನೆಯ ನಲ್ಲಿಗೆ ಫೋಕಸ್ ಮಾಡಿ, ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾ ಹಿಂದಿನ ಪರದೆಯಲ್ಲಿ, ದೊಡ್ಡದು ಮಾಡಿ, ಹುಡ್ ಮೇಲೆ ಬೆರಳಲ್ಲಿ ಟಕ್ ಅಂತ ತಟ್ಟಿ. ನಲ್ಲಿ ಎಷ್ಟು ಹೊತ್ತು ನಡುಗುತ್ತದೆ ನೋಡಿ. ನನ್ನ ಟ್ರೈಪಾಡಿನ ನಡುಕಂಬ ಎತ್ತಿದಾಗ ನಲ್ಲಿಗೆ ಚಳಿಜ್ವರ ಬಂದಂತಿತ್ತು. ಕಂಬ ಇಳಿಸಿದ ಮೇಲೆ ತಕ್ಕಮಟ್ಟಿಗೆ ಸುಮ್ಮನಾಯಿತು. ಈಗ ಕಂಬ ಎತ್ತುವುದೇ ಇಲ್ಲ, ಕೂತೇ ತೆಗೆಯುತ್ತೇನೆ. ಕೆರೆ ಏರಿಯ ಇಳಿಜಾರಲ್ಲಿ ಒಂದು ಕಾಲು ಮೇಲಕ್ಕೆ, ಎರಡು ಕೆಳಕ್ಕೆ. ಮಟ್ಟ ಸರಿ ಇಲ್ಲದಿದ್ದರೆ ಗಿಂಬಲ್ ತಿರುಗಿಸಿದಂತೆ ನೀರೆಲ್ಲ ಒಂದು ಕಡೆ ವಾಲುತ್ತಾ ಹೋಗುತ್ತದೆ.

ಎಲ್ಲ ಕಡೆ ಇದು ಬೇಕು ಅಂತಲೂ ಅಲ್ಲ. ಮುತ್ತೋಡಿಯ ಜೀಪ್ ಸಫಾರಿಗೆ ಹೊತ್ತುಕೊಂಡು ಹೋಗಬೇಡಿ. ಅಲ್ಲಿ ಒಂದು ಬಟ್ಟೆ ಚೀಲಕ್ಕೆ ಎರಡು ಕೆಜಿ ರಾಗಿ ತುಂಬಿ ಬಾಯಿ ಹೊಲಿದು ಕಂಬಿ ಮೇಲೆ ಇಟ್ಟುಕೊಂಡರೆ ಸಾಕು. ಲಕ್ಕವಳ್ಳಿಯ ದೋಣಿಯಲ್ಲಿ ಟ್ರೈಪಾಡ್ ಇಟ್ಟರೆ ಇಂಜಿನ್ನಿನ ನಡುಕವೆಲ್ಲ ಕಾಲಿನಿಂದ ಲೆನ್ಸಿಗೆ ಹತ್ತುತ್ತದೆ, ಅಲ್ಲಿ ಕೈಯೇ ವಾಸಿ. ಸಕಲೇಶಪುರದ ಕಡೆ ಕಾಫಿ ತೋಟದೊಳಗೆ ಮಳೆಗಾಲದಲ್ಲಂತೂ ಕೇಳಲೇಬೇಡಿ. ಟ್ರೈಪಾಡ್ ಬಿಚ್ಚಿ ನಿಲ್ಲಿಸುವಷ್ಟರಲ್ಲಿ ಇಂಬಳಗಳು ಮೊಣಕಾಲು ದಾಟಿರುತ್ತವೆ. ಒಂದೇ ಕಡೆ ಕೂತು ಕಾಯುವ ಜಾಗ ಇದರದ್ದು. ಯಗಚಿ, ಗೊರೂರು, ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ, ಇಂಥವು.

ನಮ್ಮ ಯಜಮಾನರಿಗೆ ಇದೆಲ್ಲ ದಂಡ ಅನ್ನಿಸಿತ್ತು. ಹೋದ ವಾರ ಯಗಚಿಗೆ ಜೊತೆಗೆ ಬಂದರು. ನಾನು ಫ್ಲಾಸ್ಕ್ ತರೋಕೆ ಕಾರಿನ ಹತ್ತಿರ ಹೋಗಿ ಬರುವಷ್ಟರಲ್ಲಿ ನನ್ನ ಜಾಗದಲ್ಲಿ ಕೂತು ಟರ್ನ್ ಹಿಂದೆ ಲೆನ್ಸ್ ತಿರುಗಿಸುತ್ತಿದ್ದರು. "ಬಾಡಿಗೆ ಕೊಡಿ" ಅಂದೆ. ಏಳಲಿಲ್ಲ.

ಬರುವ ಭಾನುವಾರ ಆರೂವರೆಗೆ ಅಲ್ಲೇ ಇರುತ್ತೇನೆ. ಕೊಳ್ಳೋ ಯೋಚನೆ ಇದ್ದವರು ನಿಮ್ಮ ಲೆನ್ಸ್ ತಂದು ಹಾಕಿ ನೋಡಿ. ಉದ್ದ ಪ್ಲೇಟ್ ಇದ್ದರೆ ಮರೀದೆ ತನ್ನಿ. ಕಾಫಿ ನಾನು ತರುತ್ತೇನೆ. ಯಜಮಾನರನ್ನು ಎಬ್ಬಿಸೋ ಜವಾಬ್ದಾರಿ ಮಾತ್ರ ನಿಮ್ಮದು.