ಅಳಿಲು ಸೇವೆ

ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಹೋದರೆ ಸ್ಟುಡಿಯೋ ಹುಡುಗ ನನ್ನ ಕೆನ್ನೆಯ ಮಚ್ಚೆಯನ್ನೇ ಅಳಿಸಿಬಿಟ್ಟ. ‘ಟಚಪ್ ಮಾಡಿದೀನಿ ಸಾರ್, ಫ್ರೀ’ ಅಂದ. ಹುಟ್ಟಿದಾಗಿನಿಂದ ಜೊತೆಗಿದ್ದ ಮಚ್ಚೆ! ಫೋಟೋ ನೋಡಿದರೆ ನನ್ನ ತಮ್ಮನ ಹಾಗೆ ಕಾಣುತ್ತಿದ್ದೆ. ನನಗೆ ತಮ್ಮನೇ ಇಲ್ಲ.

ಆವತ್ತಿನಿಂದ ಉಸ್ತಾದ್ ಮನ್ಸೂರ್ ಮೇಲೆ ಗೌರವ ಜಾಸ್ತಿಯಾಗಿದೆ. ಜಹಾಂಗೀರನ ಆಸ್ಥಾನದ ಈ ಚಿತ್ರಕಾರ ಪ್ರಾಣಿ, ಪಕ್ಷಿಗಳಿಗೆ ಟಚಪ್ ಮಾಡಿದವನಲ್ಲ. 1612ರಲ್ಲಿ ಗೋವಾದಿಂದ ಬಾದಶಹನಿಗೆ ಒಂದು ಟರ್ಕಿ ಕೋಳಿ ಬಂತು. ಅದರ ಕತ್ತು ಒಮ್ಮೆ ಹವಳದ ಕೆಂಪು, ಒಮ್ಮೆ ಹತ್ತಿಯ ಬಿಳಿ ಅಂತ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬೆರಗಾಗಿ ಬರೆದಿದ್ದಾನೆ. ಬರೆದದ್ದು ಸಾಲದು, ಕೇಳಿದವರು ಕಣ್ಣಾರೆ ನೋಡಲಿ ಅಂತ ಚಿತ್ರವನ್ನೂ ಬರೆಸಿದ. ಬಾದಶಹನ ಚಿತ್ರಗಳಲ್ಲಿ ಅವನ ತಲೆಯ ಹಿಂದೆ ಬಂಗಾರದ ಪ್ರಭಾವಳಿ ಇರುತ್ತದೆ. ಕೋಳಿಗೆ ಅದಿಲ್ಲ. ಜೋತುಬಿದ್ದ ಚರ್ಮದ ಸುಕ್ಕು ಮಾತ್ರ ಒಂದೂ ತಪ್ಪಿಲ್ಲ. ಕೋಳಿಯನ್ನು ಓಲೈಸಿ ಯಾರಿಗೆ ಏನು ಸಿಗಬೇಕು, ಅಲ್ವಾ?

1621ರಲ್ಲಿ ಜೀಬ್ರಾ ಬಂತು. ಪಟ್ಟೆಗಳನ್ನು ಯಾರೋ ಬಳಿದಿರಬೇಕು ಅಂತ ಕೆಲವರಿಗೆ ಗುಮಾನಿ. ಚೆನ್ನಾಗಿ ಪರೀಕ್ಷೆ ಮಾಡಿದ ಮೇಲೆಯೇ ಇದು ದೇವರೇ ಬಳಿದ ಬಣ್ಣ ಅಂತ ಖಾತ್ರಿಯಾಯಿತಂತೆ. ಹೇಗೆ ಪರೀಕ್ಷಿಸಿದರೋ! ನಮ್ಮಮ್ಮ ಸಂತೆಯಲ್ಲಿ ಸೀರೆ ಕೊಳ್ಳುವಾಗ ಬೆರಳು ಒದ್ದೆ ಮಾಡಿ ಅಂಚು ಉಜ್ಜಿ ನೋಡುತ್ತಿದ್ದಳು. ಯಾವನೋ ದರ್ಬಾರಿ ಹಾಗೇ ಜೀಬ್ರಾದ ಬೆನ್ನು ಉಜ್ಜಿರಬೇಕು.

ಮನ್ಸೂರ್ ಬರೆದ ಆ ಜೀಬ್ರಾದ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಗಿಡವಿಲ್ಲ, ಮರವಿಲ್ಲ, ಖಾಲಿ ಹಿನ್ನೆಲೆ. ಥೇಟ್ ಪಾಸ್‌ಪೋರ್ಟ್ ಫೋಟೋ! ಮುಖಕ್ಕೆ ಲಗಾಮು ಹಾಕಿಸಿಕೊಂಡು ಜೀಬ್ರಾ ಪಾಪ ಸುಮ್ನೆ ನಿಂತಿದೆ. ಪಕ್ಕದಲ್ಲಿ ಜಹಾಂಗೀರ್ ಸ್ವಂತ ಕೈಯಿಂದ ಬರೆದಿದ್ದಾನೆ: ಅಬಿಸೀನಿಯಾದಿಂದ (ಈಗಿನ ಇಥಿಯೋಪಿಯಾ) ತಂದ ಹೇಸರಗತ್ತೆ, ಬರೆದವನು ‘ನಾದಿರ್ ಉಲ್ ಅಸ್ರ್’ ಮನ್ಸೂರ್. ಅಂದರೆ ಕಾಲದ ಅಪೂರ್ವ ಪುರುಷ. ಚಿತ್ರಕಾರನಿಗೆ ಬಿರುದು, ಜೀಬ್ರಾಗೆ ಕತ್ತೆ ಎಂಬ ಹೆಸರು! ಆಮೇಲೆ ಅದನ್ನು ಇರಾನಿನ ಷಾ ಅಬ್ಬಾಸನಿಗೆ ಉಡುಗೊರೆಯಾಗಿ ಕಳಿಸಿದರು. ಪಾಸ್‌ಪೋರ್ಟ್ ಫೋಟೋ ತೆಗೆಸಿದ್ದೂ ಸಾರ್ಥಕವಾಯಿತು.

ಇಷ್ಟು ಸಣ್ಣ ಗೆರೆಗಳನ್ನು ಎಳೆಯಲು ಆಗಿನವರು ಬಳಸುತ್ತಿದ್ದದ್ದು ಅಳಿಲಿನ ಬಾಲದ ಕೂದಲಿನ ಕುಂಚ. ರಾಮನ ಸೇತುವೆಗೆ ಮರಳು ಹೊತ್ತಿದ್ದಷ್ಟೇ ಅಲ್ಲ, ಚಿತ್ರಕಲೆಗೂ ಅಳಿಲು ಸೇವೆ ಸಂದಿದೆ. ಜಹಾಂಗೀರನ ಇನ್ನೊಬ್ಬ ಚಿತ್ರಕಾರ ಅಬುಲ್ ಹಸನನದು ಎನ್ನುವ ಒಂದು ಚಿತ್ರವಿದೆ. ದೊಡ್ಡ ಚಿನಾರ್ ಮರದ ತುಂಬ ಅಳಿಲುಗಳು. ಕೊಂಬೆಯಿಂದ ಕೊಂಬೆಗೆ ಓಡಾಟ, ಪೊದೆಯಂಥ ಬಾಲಗಳು. ಅಳಿಲಿನ ಬಾಲ ಬರೆದದ್ದೂ ಅಳಿಲಿನ ಬಾಲದಿಂದಲೇ ಇರಬೇಕು.

ಕೆಳಗೆ ಬರಿಗಾಲಿನವನೊಬ್ಬ ಕಾಂಡ ತಬ್ಬಿ ಮರ ಹತ್ತಲು ಹೆಣಗುತ್ತಿದ್ದಾನೆ. ಬೇಟೆಗಾರ ಅನ್ನುತ್ತಾರೆ. ನನಗೇನೋ ಅವನು ಕುಂಚ ಮಾಡುವವನೇ ಅಂತ ಅನುಮಾನ.