ದೊರೆ ಬಾರದ ಮೆರವಣಿಗೆ

1953ರ ಫೆಬ್ರವರಿ. ಶಿವರಾತ್ರಿ ಕಳೆದು ವಾರವಾಗಿತ್ತು, ನಾನು ಮೂರನೇ ಕ್ಲಾಸು. ಮೈಸೂರು ಅರಮನೆಯಲ್ಲಿ ಗಂಡುಮಗು ಹುಟ್ಟಿದೆ ಅನ್ನೋ ಸುದ್ದಿ ನಮ್ಮ ತುಮಕೂರಿನ ಚಿಕ್ಕಪೇಟೆಗೆ ಬಂದಾಗ ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟು ಎದ್ದು ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. "ಅಲಮೇಲಮ್ಮ ಕಣ್ಣು ಬಿಟ್ಟಳು ಕಣೋ" ಅಂದಳು. ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಅಂತ ಆಕೆ ಕೊಟ್ಟ ಶಾಪದ ಕಥೆ ಹಳೇ ಮೈಸೂರಿನ ಪ್ರತಿ ಮನೆಗೂ ಗೊತ್ತಿದ್ದದ್ದೇ. ಹುಟ್ಟಿದ ಮಗು ಶ್ರೀಕಂಠದತ್ತ ನರಸಿಂಹರಾಜ ಒಡೆಯರ್.

ಆಗಲೇ ಗಣರಾಜ್ಯವಾಗಿ ಮೂರು ವರ್ಷ. ಜಯಚಾಮರಾಜ ಒಡೆಯರ್ ಕಾಗದದ ಮೇಲೆ ರಾಜಪ್ರಮುಖರು, ಅಂದರೆ ದೊರೆಯಲ್ಲ, ಈಗಿನ ರಾಜ್ಯಪಾಲರಂಥ ಹುದ್ದೆ. ಮೇಷ್ಟ್ರು ಶಾಲೆಯಲ್ಲಿ ಅದನ್ನೇ ಬಾಯಿಪಾಠ ಮಾಡಿಸುತ್ತಿದ್ದರು, ಮನೆಗೆ ಬಂದರೆ ಅಜ್ಜಿ ಪಾಲಿಗೆ ಅವರು "ನಮ್ಮ ಮಾರಾಜ್ರು". ಬೀದಿಯವರೂ ಅಜ್ಜಿಯ ಕಡೆಗೇ.

ಎರಡೇ ದಿನದಲ್ಲಿ ಬೀದಿಗೆ ಬೀದಿಯೇ ಸಜ್ಜಾಯಿತು. ಯಾವ ಕಚೇರಿಯಿಂದಲೂ ಆಜ್ಞೆ ಬಂದಿರಲಿಲ್ಲ. ಮನೆಗೆ ಇಷ್ಟು ಅಂತ ಚಂದಾ ಎತ್ತಿದರು, ಕೊಡಲಾಗದವರು ಬೆಲ್ಲವೋ ಕಾಯೋ ಕೊಟ್ಟರು. ತೆಂಗಿನ ಗರಿಯ ಚಪ್ಪರ, ಮಾವಿನ ತೋರಣ, ಬಾಡಿಗೆಗೆ ತಂದ ನಾಲ್ಕು ಗ್ಯಾಸ್ ಲೈಟು. ಜವಳಿ ಅಂಗಡಿಯ ಗೋಡೆಯಿಂದ ಮಹಾರಾಜರ ಫೋಟೊ ಇಳಿಸಿದಾಗ ಅದರ ಬೆನ್ನಿಗೆ ಹಲ್ಲಿ ಮೊಟ್ಟೆ ಎರಡು ಅಂಟಿಕೊಂಡಿದ್ದವು. ಅಂಗಡಿಯವರು ಅವನ್ನು ಬೆರಳ ತುದಿಯಲ್ಲಿ ಎಷ್ಟು ಹುಷಾರಾಗಿ ಬಿಡಿಸಿ ಕಿಟಕಿ ಮೂಲೆಯಲ್ಲಿಟ್ಟರು ಅನ್ನೋದು ಈಗಲೂ ಕಣ್ಣಿಗೆ ಕಟ್ಟಿದೆ. ಕೈಕುರ್ಚಿಯ ಮೇಲೆ ಫೋಟೊ, ಎತ್ತಿನಗಾಡಿಯ ಮೇಲೆ ಕುರ್ಚಿ. ಎತ್ತುಗಳ ಕೋಡಿಗೆ ಬಣ್ಣ. ಮನೆ ಮನೆ ಮುಂದೆ ಗಾಡಿ ನಿಲ್ಲಿಸಿ ಆರತಿ ಎತ್ತುತ್ತಾ ಮಂಡಿಪೇಟೆ ಮುಟ್ಟುವ ಹೊತ್ತಿಗೆ ಚೆನ್ನಾಗಿ ರಾತ್ರಿಯಾಗಿತ್ತು. ಅಷ್ಟು ಖುಷಿಯಾಗಿ ನಾನು ಆಮೇಲೆ ಯಾವ ಹಬ್ಬದಲ್ಲೂ ನಡೆದಿಲ್ಲ. ಇದನ್ನು ಮನಸಾರೆ ಹೇಳುತ್ತಿದ್ದೇನೆ.

ಆದರೆ "ಆಗೆಲ್ಲ ಜಾತಿಗೀತಿ ಇರಲಿಲ್ಲ, ಎಲ್ಲರೂ ಒಂದೇ ಮನೆಯವರ ಥರ ಇದ್ವಿ" ಅಂತ ನನ್ನ ವಾರಿಗೆಯವರು ಬರೆಯುವುದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದು ಸುಳ್ಳು.

ಗಾಡಿಯ ಮುಂದೆ ತಮಟೆಯವರಿದ್ದರು. ಅವರಲ್ಲೊಬ್ಬರ ಮಗ ನನ್ನದೇ ಕ್ಲಾಸು, ನನ್ನ ಜತೆ ಗೋಲಿ ಆಡುತ್ತಿದ್ದವನು. ಮೆರವಣಿಗೆ ಮುಗಿದ ಮೇಲೆ ಚಪ್ಪರದಲ್ಲಿ ಪಾನಕ, ಕೋಸಂಬರಿ. ನಮಗೆ ಹಿತ್ತಾಳೆ ಲೋಟ. ಅವನು ಚಪ್ಪರದ ಆಚೆ ನಿಂತು ಬೊಗಸೆ ಒಡ್ಡಿದ, ದೊಡ್ಡವರೊಬ್ಬರು ಒಂದು ಮೊಳ ಎತ್ತರದಿಂದ ಪಾನಕ ಹುಯ್ದರು. ಅರ್ಧ ಬಾಯಿಗೆ, ಅರ್ಧ ಮೊಣಕೈಯಿಂದ ಇಳಿದು ಅಂಗಿಗೆ. ಕುಡಿದು ಅಂಗಿಯನ್ನೇ ಹಿಂಡಿಕೊಂಡ. ನನ್ನ ಲೋಟ ಕೈಯಲ್ಲೇ ಇತ್ತು. ನಾನು ಕುಡಿದೆ. ಆ ಹೊತ್ತಿಗೆ ನನಗೆ ಏನೂ ಅನ್ನಿಸಲಿಲ್ಲ, ಇವತ್ತು ನನ್ನನ್ನು ಕಾಡುವುದು ಅದೇ.

ಹಂಗೇ ನಡೆದುಕೊಂಡು ಬಂದದ್ದು ಅನ್ನುವವರಿಗೆ ಒಂದು ಮಾತು. ನಾವು ಜೈಕಾರ ಹಾಕಿದ ಮನೆತನದ ನಾಲ್ವಡಿಯವರು 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿದ್ದರು. ಸರ್ಕಾರಿ ಕೆಲಸವೆಲ್ಲ ಒಂದೇ ಸಮುದಾಯದ ಪಾಲಾಗಬಾರದು, ಹಿಂದುಳಿದವರಿಗೂ ಸಿಗಬೇಕು ಅನ್ನೋ ವಿಚಾರಕ್ಕೆ. ದಿವಾನ್ ವಿಶ್ವೇಶ್ವರಯ್ಯನವರಿಗೇ ಅದು ಒಪ್ಪಿಗೆಯಿರಲಿಲ್ಲ, ಹುದ್ದೆ ಬಿಟ್ಟರು. ದೊರೆ ಹಿಂದೆ ಸರಿಯಲಿಲ್ಲ. ಅದಾಗಿ ಮೂವತ್ತೈದು ವರ್ಷದ ಮೇಲೆ ಅದೇ ಮನೆತನದ ಹೆಸರಲ್ಲಿ ಹಬ್ಬ ಮಾಡಿದ ನಾವು ಒಬ್ಬ ಹುಡುಗನ ಕೈಗೆ ಲೋಟ ಕೊಡಲಿಲ್ಲ. ಮೈಸೂರಿಂದ ಯಾರೂ ಬಂದು ಬೇಡ ಅಂದಿರಲಿಲ್ಲ. ಹಬ್ಬ ನಮ್ಮದೇ ಆಗಿತ್ತಲ್ಲ, ಲೋಟವೂ ನಮ್ಮದೇ.

2024ರಲ್ಲಿ ಜಿಲ್ಲಾಡಳಿತ ತುಮಕೂರು ದಸರಾ ಮಾಡಿದಾಗ ಮಗನ ಜತೆ ಹೋಗಿದ್ದೆ. ದೀಪ, ಜನ, ಎಲ್ಲ ಚೆನ್ನಾಗಿತ್ತು. ಆದರೂ ಬೀದಿಯವರೇ ಚಂದಾ ಎತ್ತಿ, ಗರಿ ಹೆಣೆದು ಮಾಡುವ ಹಬ್ಬ ಮತ್ತೆ ಆಗಬೇಕು ಅನ್ನೋ ಆಸೆ ನನಗಿದೆ. ಈ ಸಲ ಲೋಟ ಎಲ್ಲರಿಗೂ ಸಾಲುವಷ್ಟು ತರಬೇಕು. ತಮಟೆಯವರ ಹೆಸರು ಕರೆಯೋಲೆಯಲ್ಲಿ ಮೊದಲ ಸಾಲಿಗೆ ಬರಬೇಕು.

ಆ ಗೆಳೆಯ ಮೇಷ್ಟ್ರಾಗಿ ನಿವೃತ್ತನಾದ. ಹೋದ ವರ್ಷ ಅವನ ಮನೆಗೆ ಹೋಗಿ, ಪಾನಕದ ವಿಷಯ ಎತ್ತಿ, ತಪ್ಪಾಯಿತು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವರಪ್ಪನ ವಿಷಯ ತೆಗೆದ. ಅವತ್ತು ಸಂಜೆ ತೆಂಗಿನ ಗರಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರಂತೆ, ಚರ್ಮ ಬಿಗಿಯಾಯಿತೋ ಇಲ್ಲವೋ ಅಂತ ಕಿವಿ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿ ನೋಡುತ್ತಿದ್ದರಂತೆ. "ಅಪ್ಪ ಅವತ್ತು ಬಡಿದ ಹಾಗೆ ಮತ್ತೆ ಬಡಿಯಲಿಲ್ಲ" ಅಂದ. ಸೊಸೆ ಕಾಫಿ ತಂದಿಟ್ಟಳು. ಇಬ್ಬರೂ ಕುಡಿದೆವು.